ಏಣಿ ಮಲಗಿಸಿದ ಚಿಕ್ಕಣ್ಣ

ದಸರಾ ರಜೆಯ ಶನಿವಾರ, ಬೆಳಗಿನ ಆರೂಕಾಲು. ಮಲಯಾಳ ಸೀಮೆಯ ಕಲ್ಲೂರಿನ ಹೆದ್ದಾರಿಯಿಂದ ಒಂದು ಕಿಲೋಮೀಟರು ಒಳಗೆ, ಕಾಫಿ ತೋಟದ ಅಂಚಿನ ಮತ್ತಿ ಮರದ ಮೇಲಿನ ಬಿದಿರ ಅಟ್ಟದಲ್ಲಿ ಚಿಕ್ಕಣ್ಣ ಮಂಡಿಯೂರಿ ಕೂತಿದ್ದಾರೆ. ನೆಲ ಮೂವತ್ತೆರಡು ಅಡಿ ಕೆಳಗಿದೆ. ಅವರು ಬಲಗೈ ಗೆಣ್ಣಿನಿಂದ ಒಂದು ಬಿದಿರನ್ನು ಬಡಿಯುತ್ತಾರೆ, ಕಿವಿಗೊಡುತ್ತಾರೆ, ಮುಂದಿನದಕ್ಕೆ ಸರಿಯುತ್ತಾರೆ. ಟಣ್. ಟಣ್. ಟಣ್. ಅಡಿಯ ತೊಲೆಗಳನ್ನು ಬಡಿಯಬೇಕಾದರೆ ಹೊಟ್ಟೆಯ ಮೇಲೆ ಮಲಗಿ, ಅರ್ಧ ಮೈಯನ್ನು ಗಾಳಿಗೆ ಇಳಿಬಿಡಬೇಕು. ವಯಸ್ಸು ಅರವತ್ತಮೂರು. ನೋಡುವವರ ಜೀವ ಬಾಯಿಗೆ ಬರುತ್ತದೆ, ಅವರಿಗೆ ಮಾತ್ರ ಅದರ ಕಡೆ ಗಮನವೇ ಇಲ್ಲ.

ನಡುವಿನ ತೊಲೆಗೆ ಬರುತ್ತಲೇ ಸದ್ದು ಬದಲಾಗುತ್ತದೆ. ಬದ್. ಚಿಕ್ಕಣ್ಣ ಮತ್ತೊಮ್ಮೆ ಬಡಿಯುತ್ತಾರೆ. ಬದ್. ಮಚ್ಚಿನ ಮೊನೆಯಿಂದ ಬಿದಿರಿನ ಗಂಟಿನ ಹತ್ತಿರ ಕೆರೆದರೆ ಹಳದಿ ಹಿಟ್ಟು ಸುರಿದು ಅಂಗೈ ತುಂಬುತ್ತದೆ. ಕುಟ್ಟೆ ಹುಳ ಒಳಗೆಲ್ಲ ತಿಂದಿದೆ. ಮೇಲ್ನೋಟಕ್ಕೆ ಬಿದಿರು ಮದುವೆ ಚಪ್ಪರದ ಕಂಬದ ಹಾಗೆ ಹೊಳೆಯುತ್ತಿದೆ.

"ಕಣ್ಣು ಸುಳ್ಳು ಹೇಳ್ತದೆ, ಗೆಣ್ಣು ಹೇಳಕಿಲ್ಲ," ಎನ್ನುತ್ತಾರೆ ಚಿಕ್ಕಣ್ಣ. ಮಧ್ಯಾಹ್ನ ಹನ್ನೆರಡಕ್ಕೆ ಹಾಸನದಿಂದ ಒಂದು ಸಂಸಾರ ಬರಲಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಇವತ್ತು ರಾತ್ರಿ ಅವರು ಮಲಗಬೇಕಾದದ್ದು ಈ ತೊಲೆಯ ಮೇಲೆಯೇ.

ಇದರ ಹೆಸರು ಏರುಮಾಡ. ಗದ್ದೆಗೆ ಆನೆ ಬಂದೀತೆಂದು ಕಾಯಲು ಮರದ ಮೇಲೆ ಕಟ್ಟುವ ಬಿದಿರು ಗುಡಿಸಲು. ಮುತ್ತಂಗದ ಕಾಡಂಚಿನ ರೈತರಿಗೆ ಇದು ಹೊಸತಲ್ಲ. ಚಿಕ್ಕಣ್ಣನ ತಾತ ಗುಂಡ್ಲುಪೇಟೆ ಕಡೆಯಿಂದ ಗಾಡಿ ಹೊಡೆದುಕೊಂಡು ಬಂದು ಇಲ್ಲಿ ಭೂಮಿ ಮಾಡಿದ ಕಾಲದಿಂದ ಈ ಮನೆಯವರು ಕಟ್ಟುತ್ತಲೇ ಇದ್ದಾರೆ. ಗದ್ದೆಗೆಂದು ಕಟ್ಟಿದ್ದು ಎಷ್ಟೋ, ಲೆಕ್ಕ ಇಟ್ಟಿಲ್ಲ. ಪ್ರವಾಸಿಗರಿಗೆಂದು ಒಂಬತ್ತು. ಈಗ ನಿಂತಿರುವವು ಮೂರು, ಒಂದೊಂದು ಒಂದೊಂದು ತೋಟದಲ್ಲಿ. ದಿನಾ ಬೆಳಗ್ಗೆ ಮೂರನ್ನೂ ಹತ್ತಿ ಬಡಿಯುವುದು ಅವರ ಕೆಲಸ. ಈ ಒಂದರಲ್ಲೇ ನೂರಾ ಹದಿನೆಂಟು ಬಿದಿರು, ಇಪ್ಪತ್ತೆಂಟು ಮೆಟ್ಟಿಲ ಏಣಿ. ಇಷ್ಟೆಲ್ಲ ಬಡಿಯಿರಿ ಎಂದು ಅವರಿಗೆ ಯಾರೂ ಹೇಳಿಲ್ಲ.

ಮೊದಲು ಈ ಕಡೆ ಬರುವವರಿಗೆ ಒಂದು ಜಲಪಾತ, ಒಂದು ಗುಹೆ, ಒಂದು ಬಿರಿಯಾನಿ ಸಾಕಿತ್ತು. ಈಗಿನವರಿಗೆ ಊರವರು ಮಲಗಿದಲ್ಲಿ ಮಲಗಬೇಕು, ಊರವರು ಉಂಡದ್ದನ್ನು ಉಣ್ಣಬೇಕು. ಊಟಿಯ ದೊಡ್ಡ ಹೋಟೆಲನ್ನು ಬಿಟ್ಟು ಈ ತೋಟ ಹುಡುಕಿಕೊಂಡು ಬರುತ್ತಾರೆಂದರೆ ಅದಕ್ಕೆ ಕಾರಣ ಈ ಏರುಮಾಡವೇ. ತೋಟದ ಮಾಲೀಕ ಬಿಜು ಅದನ್ನು ಬೇಗನೆ ಅರ್ಥ ಮಾಡಿಕೊಂಡರು. ಮಚ್ಚು ಹಿಡಿದ ಚಿಕ್ಕಣ್ಣನ ಫೋಟೊ ತೆಗೆದು, 'ಕಾಡಿನ ಅಜ್ಜ ಕಟ್ಟಿದ ಮನೆ' ಎಂದು ಜಾಹೀರಾತು ಹಾಕಿಸಿದರು.

"ನಾನು ಯಾವ ಕಾಡಿನ ಅಜ್ಜ? ಭತ್ತ, ಶುಂಠಿ ಬೆಳೆಯೋ ಒಕ್ಲು," ಎಂದು ಚಿಕ್ಕಣ್ಣ ನಗುತ್ತಾರೆ. ಬಿಜು ಮೊದಲು ತೋರಿಸಿದ್ದು ಒಂದು ಹಲಸಿನ ಮರವನ್ನಂತೆ, ಫೋಟೊಗೆ ಚೆನ್ನ ಎಂದು. "ಹಲಸಿನ ವಾಸನೆಗೆ ಆನೆ ಬರ್ತದೆ. ಅದಕ್ಕೆ ಎಲೆ ಹಾಕಿ, ಎಲೆ ಪಕ್ಕ ಮಕ್ಕಳನ್ನ ಮಲಗ್ಸಿದಂಗಾಯ್ತದೆ ಮಗಾ ಅಂದೆ. ಆವಾಗ ಈ ಮತ್ತಿ ಮರ ಕೊಟ್ಟ."

ನಗು ಅಲ್ಲಿಗೇ ನಿಲ್ಲುತ್ತದೆ. ಈ ಮನೆಯವರು ಬಿದಿರು ಕಡಿಯುವುದು ಕತ್ತಲ ಪಕ್ಷದಲ್ಲಿ ಮಾತ್ರ. ಬೆಳದಿಂಗಳಿನ ದಿನಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆ ಎನ್ನುವುದು ಅವರ ಅಪ್ಪ, ತಾತನಿಂದ ಬಂದ ಮಾತು. ಕಡಿದದ್ದನ್ನು ಇಪ್ಪತ್ತು ದಿನ ತೋಡಿನ ಹರಿಯುವ ನೀರಲ್ಲಿ ಮುಳುಗಿಸಿಡಬೇಕು. ಆಮೇಲಷ್ಟೇ ಕಟ್ಟುವ ಮಾತು. ಆದರೆ ಈ ವರ್ಷ ಬೇಸಿಗೆ ರಜೆ ಹತ್ತಿರ ಬಂದಿತ್ತು. ಪ್ರವಾಸಿಗರು ಬುಕ್ ಮಾಡಿಯಾಗಿತ್ತು. ಈಗಲೇ ಕಡಿಯಲು ಒಪ್ಪದಿದ್ದರೆ ಕಬ್ಬಿಣದ ಪೈಪು ನಿಲ್ಲಿಸಿ, ಮೇಲೆ ಬಿದಿರ ಸಿಪ್ಪೆ ಸುತ್ತಿಸುತ್ತೇನೆ ಎಂದರು ಬಿಜು. ಯುಗಾದಿಯಾಗಿ ಎಂಟನೇ ದಿನ, ಚಂದ್ರ ಬೆಳೆಯುತ್ತಿರುವಾಗಲೇ, ಚಿಕ್ಕಣ್ಣ ತಮ್ಮ ಹೊಲದ ಬಿದಿರು ಮೆಳೆಗೆ ಮಚ್ಚು ಹಾಕಿಬಿಟ್ಟರು. ನೀರಿಗೂ ಹಾಕಲಿಲ್ಲ.

"ಕಬ್ಬಿಣ ಬಂದ್ರೆ ನನ್ನ ಕೆಲ್ಸ ಮುಗೀತಲ್ಲ ಅಂತ ಹೆದ್ರಿಕೆ ಆಯ್ತು. ತಪ್ಪು ಮಾಡ್ಬುಟ್ಟೆ. ಅವತ್ತಿಂದ ನೆಟ್ಟಗೆ ನಿದ್ದೆ ಮಾಡಿಲ್ಲ," ಎನ್ನುತ್ತಾರೆ.

ನಿದ್ದೆ ಕೆಡಿಸಿದ ಹೆದರಿಕೆಗೆ ಒಂದು ಮುಖ ಇದೆ, ಒಂದು ಊರುಗೋಲೂ ಇದೆ. ನಾಲ್ಕು ಮನೆ ಆಚೆಗಿರುವ ಎಪ್ಪತ್ತೊಂದು ವರ್ಷದ ಕೇಳು ಎಂಬವರು ಇಂದಿಗೂ ಎಡಗಾಲು ಎಳೆದೇ ನಡೆಯುತ್ತಾರೆ. ಮೂವತ್ತೇಳು ವರ್ಷದ ಹಿಂದೆ, ಭತ್ತ ಕಾಯುತ್ತಿದ್ದಾಗ ಏರುಮಾಡದ ತೊಲೆ ಮುರಿದು ಬಿದ್ದವರು. ಕಟ್ಟಿದವರು ಚಿಕ್ಕಣ್ಣನ ಅಪ್ಪ ಶಿವಮಲ್ಲಪ್ಪ. ಆ ವರ್ಷ ಆನೆಗಳು ಬೇಗ ಗದ್ದೆಗೆ ಇಳಿದವೆಂದು ಅವರೂ ಒಮ್ಮೆ ಬೆಳದಿಂಗಳ ಬಿದಿರು ಕಡಿದಿದ್ದರು. ತೊಲೆ 'ಬದ್' ಎಂದದ್ದು ಹಿಂದಿನ ದಿನವೇ ಅವರಿಗೆ ಕೇಳಿಸಿತ್ತು. ಇನ್ನೊಂದು ರಾತ್ರಿ ತಡೆದೀತು ಎಂದುಕೊಂಡರು.

ಏರುಮಾಡ ಕೈಕೊಟ್ಟಿತೆಂದು ಗೊತ್ತಾದರೆ ಏನು ಮಾಡಬೇಕೆಂಬುದಕ್ಕೂ ಈ ಮನೆತನದಲ್ಲಿ ಒಂದು ಕ್ರಮವಿದೆ. ಕಟ್ಟಿದವನೇ ಏಣಿ ಬಿಚ್ಚಿ ಮರದ ಬುಡದಲ್ಲಿ ಮಲಗಿಸಬೇಕು. ಏಣಿ ಮಲಗಿದ ಮೇಲೆ ಗದ್ದೆಯ ಯಜಮಾನನೂ ಹತ್ತುವ ಹಾಗಿಲ್ಲ. ಅದನ್ನು ಮತ್ತೆ ನಿಲ್ಲಿಸುವವನೂ ಕಟ್ಟಿದವನೇ. "ಸಾಯೋಗಂಟ ಅಪ್ಪ ಒಂದೇ ಮಾತು ಹೇಳೋನು. ಏಣಿ ಮಲಗ್ಸಬೇಕಿತ್ತು ಕಣೋ, ಮಲಗ್ಸಲಿಲ್ಲ ಅಂತ."

ಏಳು ಗಂಟೆಗೆ ಚಿಕ್ಕಣ್ಣ ಬಿಜುಗೆ ಫೋನು ಮಾಡುತ್ತಾರೆ. "ಕುಳಪ್ಪಮಿಲ್ಲ ಚೇಟ್ಟಾ," ಏನೂ ತೊಂದರೆಯಿಲ್ಲ ಅಣ್ಣಾ ಎಂಬುದು ಆ ಕಡೆಯ ಉತ್ತರ. ಒಂದೇ ರಾತ್ರಿ ತಾನೆ, ಕಂಬಿ ಸುತ್ತಿಸೋಣ. ದಸರಾ ರಜೆ ಮುಗಿಯಲಿ, ಆಮೇಲೆ ನೋಡೋಣ. ಬಿಜು ಕೆಟ್ಟವರೇನಲ್ಲ. ಮಳೆಗಾಲ ಪೂರ್ತಿ ಖಾಲಿ ಕೂತವರಿಗೆ ಈ ಹತ್ತು ದಿನದಲ್ಲೇ ವರ್ಷ ದೂಡಬೇಕು.

ಮನೆಗೆ ಬಂದ ಚಿಕ್ಕಣ್ಣನಿಗೆ ತಿಂಡಿ ಇಳಿಯುವುದಿಲ್ಲ. ಬಿಜು ಹೇಳಿದಂತೆ ಕೇಳಿದರೆ ಏನಾಗುತ್ತದೋ! ಕೇಳದಿದ್ದರೆ ಇದೇ ಕೊನೆಯ ಏರುಮಾಡ, ಮುಂದೆಲ್ಲ ಕಬ್ಬಿಣದ್ದೇ. ಹೆಂಡತಿ ಭಾಗ್ಯಮ್ಮ ದೋಸೆ ತಟ್ಟೆಯನ್ನು ಎರಡು ಸಲ ಮುಂದಕ್ಕೆ ತಳ್ಳಿ, ಮೂರನೇ ಸಲ ಎತ್ತಿಟ್ಟುಬಿಡುತ್ತಾರೆ.

"ನೀವು ಹತ್ತಿ ಮಲೀಕತೀರಾ ಅದ್ರ ಮ್ಯಾಲೆ ಇವತ್ತು?" ಎಂದು ಭಾಗ್ಯಮ್ಮ ಕೇಳುತ್ತಾರೆ.

ಚಿಕ್ಕಣ್ಣ ಕೂತಲ್ಲಿಂದ ಏಳುತ್ತಾರೆ. ಮೊಳೆಗೆ ತೂಗುಹಾಕಿದ್ದ ಹಗ್ಗವನ್ನು ಹೆಗಲಿಗೇರಿಸಿ ಹೊರಡುತ್ತಾರೆ. ಹನ್ನೊಂದಕ್ಕೆ ಮತ್ತಿ ಮರದ ಕೊಂಬೆಗೆ ಹಗ್ಗ ಬಿಗಿದು, ಒಬ್ಬರೇ, ಏಣಿಯನ್ನು ಮೆಲ್ಲಗೆ ಇಳಿಸುತ್ತಾರೆ. ಬುಡದಲ್ಲಿ ಉದ್ದಕ್ಕೆ ಮಲಗಿಸಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಾರೆ. ಓಡಿಬಂದ ಬಿಜು ಮಲಯಾಳದಲ್ಲಿ ಬೈದ ಬೈಗುಳಕ್ಕೆ ತೋಟದ ಆಳುಗಳೆಲ್ಲ ಕೆಲಸ ನಿಲ್ಲಿಸುತ್ತಾರೆ. ಚಿಕ್ಕಣ್ಣ ಹಿಟ್ಟಾದ ಬಿದಿರ ಪುಡಿಯನ್ನು ಎಲೆಯಲ್ಲಿ ಕಟ್ಟಿಕೊಂಡಿದ್ದರು, ಅದನ್ನು ಬಿಚ್ಚಿ ಬಿಜುವಿನ ಕೈಗೆ ಸುರಿಯುತ್ತಾರೆ ಅಷ್ಟೇ.

ಹನ್ನೆರಡೂವರೆಗೆ ಹಾಸನದ ಕಾರು ಬಂದು ನಿಲ್ಲುತ್ತದೆ. ಮೊದಲು ಇಳಿದವರು ರೇಷ್ಮ, ಶಾಲೆಯ ಶಿಕ್ಷಕಿ. ಅವರ ತಾತ ರಾಗಿ ಹೊಲದ ಅಟ್ಟಣೆಯ ಮೇಲೆ ಕಾವಲು ಮಲಗುತ್ತಿದ್ದರಂತೆ. ಆ ಕಥೆ ಕೇಳಿ ಬೆಳೆದ ಮಕ್ಕಳನ್ನು ಒಂದು ರಾತ್ರಿಯಾದರೂ ಹಾಗೆ ಮಲಗಿಸಬೇಕೆಂದು, ಮೈಸೂರಿನ ದಸರಾ ಬಿಟ್ಟು ಇಲ್ಲಿಗೆ ಬಂದಿದ್ದಾರೆ. ಮಲಗಿದ ಏಣಿ ಕಂಡು ಚಿಕ್ಕ ಮಗಳು ಅಳಲು ಶುರು ಮಾಡುತ್ತಾಳೆ.

"ಇದಕ್ಕೋಸ್ಕರವೇ ಇಷ್ಟು ದೂರ ಬಂದ್ವಿ, ನೀವು ಹೀಗೆ ಮಾಡಿದ್ರೆ ಹೇಗೆ?" ರೇಷ್ಮ ಅವರ ಧ್ವನಿ ಗಡುಸಾಗುತ್ತದೆ.

ಚಿಕ್ಕಣ್ಣ ಎದ್ದು ನಿಲ್ಲುತ್ತಾರೆ. "ನೀವು ಬಂದಿರೋದು ನಮ್ಮ ಪದ್ಧತಿ ನೋಡೋಕೆ ತಾನೆ ತಾಯಿ? ಕಟ್ಟೋದಷ್ಟೇ ಅಲ್ಲ, ಏಣಿ ಮಲಗ್ಸೋದೂ ನಮ್ಮ ಪದ್ಧತಿನೇ. ತಪ್ಪು ನಂದು. ಬೆಳದಿಂಗ್ಳಲ್ಲಿ ಕಡ್ದೆ."

ಬಿಜು ತೋರಿಸಿದ ತೋಟದ ಮನೆಯ ಕೋಣೆಗೆ ಸಾಮಾನು ಸಾಗುತ್ತದೆ. ಸಂಜೆ ರೇಷ್ಮ ಅವರೇ ಮಗಳ ಕೈಹಿಡಿದು ಬಂದು, ಬಿದಿರು ಹೇಗೆ ಬಡಿಯುವುದೆಂದು ಕೇಳುತ್ತಾರೆ. ಮಲಗಿದ ಏಣಿಯ ಒಂದೊಂದೇ ಮೆಟ್ಟಿಲಿಗೆ ಹುಡುಗಿ ಗೆಣ್ಣು ತಾಗಿಸಿ, ಕಿವಿಯಿಟ್ಟು ಕೇಳುತ್ತಾಳೆ. ಹತ್ತೊಂಬತ್ತನೆಯದಕ್ಕೆ ತಲೆಯೆತ್ತಿ ಚಿಕ್ಕಣ್ಣನ ಮುಖ ನೋಡುತ್ತಾಳೆ. ಚಿಕ್ಕಣ್ಣ ತಲೆಯಾಡಿಸುತ್ತಾರೆ. ಹೌದು, ಅದೂ ಹೋಗಿದೆ. ಬೆಳಗ್ಗೆ ಅವರಿಗೇ ಅದು ತಪ್ಪಿಹೋಗಿತ್ತು.

ಭಾನುವಾರ ನಸುಕಿಗೆ ಚಿಕ್ಕಣ್ಣ ಬಿರಬಿರನೆ ತೋಟದ ಕಡೆ ನಡೆಯುತ್ತಿದ್ದಾರೆ. ಬಿಜು ಆಳುಗಳನ್ನು ಕರೆದು ಏಣಿ ನಿಲ್ಲಿಸಿಬಿಟ್ಟಿದ್ದರೆ? ಮಕ್ಕಳು ಹತ್ತಿಬಿಟ್ಟಿದ್ದರೆ? ಮಂಜಿನಲ್ಲಿ ಮತ್ತಿ ಮರದ ಬುಡ ಕಾಣುವವರೆಗೂ ನಡಿಗೆ ನಿಧಾನವಾಗುವುದಿಲ್ಲ. ಏಣಿ ಮಲಗಿದಲ್ಲೇ ಮಲಗಿದೆ. ಮೆಟ್ಟಿಲುಗಳ ಮೇಲಿನ ಇಬ್ಬನಿಯನ್ನು ಯಾರೂ ಮುಟ್ಟಿಲ್ಲ. ಜಗುಲಿಯ ಮೇಲೆ ನಿಂತ ಬಿಜು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ, ನವೆಂಬರ್ ಕೊನೆಯವರೆಗೂ ಏರುಮಾಡ ಇಲ್ಲವೆಂದು. ಚಿಕ್ಕಣ್ಣನ ಕಡೆ ಅವರು ತಿರುಗಿ ನೋಡುವುದಿಲ್ಲ. ಆಮೇಲೆ ಕಟ್ಟುವುದು ಬಿದಿರೋ ಕಬ್ಬಿಣವೋ, ಅದನ್ನೂ ಹೇಳುವುದಿಲ್ಲ.

ಹಾಗಿದ್ದರೂ ಚಿಕ್ಕಣ್ಣ ದಿನ ಎಣಿಸುತ್ತಿದ್ದಾರೆ. ಹುಣ್ಣಿಮೆ ಕಳೆಯಬೇಕು, ದೀಪಾವಳಿಗೆ ಮುಂಚೆ ಕಡಿಯಬೇಕು, ಇಪ್ಪತ್ತು ದಿನ ತೋಡಿನಲ್ಲಿಡಬೇಕು. ಮೆಳೆಯಲ್ಲಿ ಯಾವ ಬಿದಿರೆಂದು ಆಗಲೇ ಗುರುತು ಹಾಕಿಟ್ಟಿದ್ದಾರೆ. ಬಿಜು ಕೆಲಸ ಕೊಡದೇ ಇದ್ದರೆ ಎಂದು ಕೇಳಿದರೆ, ತಮ್ಮ ಗದ್ದೆ ಬದುವಿನ ಮರಕ್ಕೆ ಕಟ್ಟಿಕೊಳ್ಳುತ್ತಾರಂತೆ. ಅವರಿಗೆ ಇರುವುದು ಒಂದೇ ಆಸೆ.

"ಬಿದ್ದ ದಿನದಿಂದ ನಮ್ಮ ಕೇಳು ಅಣ್ಣ ಯಾವ ಏರುಮಾಡಕ್ಕೂ ಕಾಲಿಟ್ಟಿಲ್ಲ. ಈ ಸಲ ಕಟ್ಟಿದ್ಮೇಲೆ ಮೊದ್ಲು ಅವನು ಹತ್ತಬೇಕು. ಆ ಕಾಲಿಗೆ ಎತ್ತರ ಆಗಕಿಲ್ಲ. ಮೆಟ್ಲು ವಸಿ ಹತ್ರ ಹತ್ರ ಇಟ್ರಾಯ್ತು."