ತಂಗಿಯ ಕುಬಸಕ್ಕೆ ಟಿವಿ ಜೋಡಿಸಿದ್ದು

ತಂಗಿಗೆ ಏಳು ತಿಂಗಳಾದಾಗ ಡಾಕ್ಟರು ಅವಳು ಹಾಸಿಗೆ ಬಿಟ್ಟು ಏಳಬಾರದು ಎಂದರು. ಹಿಂದಿನ ಸಲ ಬಸಿರು ನಿಂತಿರಲಿಲ್ಲ, ಹಾಗಾಗಿ ಯಾರೂ ಎದುರು ಮಾತಾಡಲಿಲ್ಲ. ಆದರೆ ಕುಬಸ? ನಮ್ಮ ಕಡೆ ಸೀಮಂತಕ್ಕೆ ಉಡಿ ತುಂಬಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ತವರಿನ ಓಣಿಯ ಹೆಂಗಸರು ಕೂತು ಹಾಡಬೇಕು, ಬಸುರಿಯನ್ನು ಕಾಡಬೇಕು, ಅವಳು ನಾಚಿ ಕೆಂಪಾಗಬೇಕು. ತವರು ಚಿತ್ತಾಪುರದಲ್ಲಿ. ತಂಗಿ ಇರುವುದು ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ, ಗಂಡ ಮತ್ತು ಅತ್ತೆಯ ಜೊತೆ. ಮನೆಯಲ್ಲಿ ಜನ ಸೇರಿಸಬೇಡಿ ಎಂದೂ ಡಾಕ್ಟರು ಹೇಳಿಬಿಟ್ಟಿದ್ದರು.

“ನನಗ ಕುಬಸ ಬ್ಯಾಡಕ್ಕ. ಹೋದ ಸಲದಂಗ ಆದ್ರ?” ಎಂದಳು ತಂಗಿ ಫೋನಿನಲ್ಲಿ. ಚಿಕ್ಕವಳಿದ್ದಾಗ ಈ ಹುಡುಗಿ ಅರ್ಧ ಗಂಟೆ ಸುಮ್ಮನಿದ್ದರೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದೆವು. ಈಗ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಮುಂದಿನ ತಿಂಗಳ ಮಾತೆತ್ತಿದರೆ ಗೋಡೆಯ ಕಡೆ ಮುಖ ಮಾಡುತ್ತಾಳೆಂದು ಅವಳ ಅತ್ತೆಯೇ ಹೇಳಿದ್ದರು. ಕೇಳಿ ನನಗೆ ಸಿಟ್ಟು ಬಂತು. ನನಗೆ ದುಃಖ ಯಾವಾಗಲೂ ಸಿಟ್ಟಿನ ಜೊತೆಗೇ ಬರುತ್ತದೆ.

ಫೋನಿನ ವಿಡಿಯೋದಲ್ಲೇ ಹಾಡು ಕೇಳಿಸೋಣ ಎಂದು ಅವ್ವ ಅಂದಳು. ತಂಗಿ ಒಪ್ಪಲಿಲ್ಲ. “ಎಡಕ್ಕ ಹೊಳ್ಳಿ ಮಲಗಿ, ಆ ಸಣ್ಣ ಡಬ್ಬಿಯೊಳಗ ಯಾರ ಮುಖ ಹುಡುಕಲಿ?” ಎಂದಳು. ಅಷ್ಟು ಉದ್ದದ ಮಾತು ಬಂದಿದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಅವಳ ಹಾಸಿಗೆಯ ಎದುರಿಗೇ ಗೋಡೆಗೆ ದೊಡ್ಡ ಟಿವಿ ಇತ್ತು. ನಾನು ಶಹಾಬಾದಿನಲ್ಲಿ ಹೈಸ್ಕೂಲ್ ಟೀಚರ್. ಟ್ಯಾಬ್ಲೆಟ್ಟನ್ನು ಪ್ರೊಜೆಕ್ಟರಿಗೆ ಹಚ್ಚಿ ಪಾಠ ಮಾಡುವುದು ನನಗೆ ನೀರು ಕುಡಿದಷ್ಟು ಸಲೀಸು, ಆ ಬಗ್ಗೆ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡವಳು. ಓಣಿಯ ಹೆಂಗಸರನ್ನೆಲ್ಲ ಆ ಟಿವಿಯಲ್ಲಿ ಕೂಡಿಸುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟೆ.

ಕುಬಸದ ದಿನ ಬೆಳಿಗ್ಗೆ ಚೀಲದಲ್ಲಿ ಟ್ಯಾಬ್ಲೆಟ್ಟು, ವೈರು, ಹಸಿರು ಸೀರೆ, ಹಸಿರು ಬಳೆ ತುಂಬಿಕೊಂಡು ತಂಗಿಯ ಮನೆಗೆ ಹೋದೆ. ರಾಹುಕಾಲ ಬರುವುದರೊಳಗೆ ಉಡಿ ತುಂಬಬೇಕಿತ್ತು. ಚಿತ್ತಾಪುರದಲ್ಲಿ ಅವ್ವ ಪಡಸಾಲೆಯಲ್ಲಿ ಜಮಖಾನೆ ಹಾಸಿ ಹೆಂಗಸರನ್ನು ವಿಡಿಯೋ ಕಾಲಿನ ಮುಂದೆ ಕೂಡಿಸಿಯಾಗಿತ್ತು. ನಾನು ವೈರಿನ ಒಂದು ತುದಿ ಟ್ಯಾಬ್ಲೆಟ್ಟಿಗೆ, ಇನ್ನೊಂದು ತುದಿ ಟಿವಿಗೆ ಹಚ್ಚಿ, ರಿಮೋಟ್ ಒತ್ತಿ, ಸೊಂಟಕ್ಕೆ ಕೈ ಇಟ್ಟು ನಿಂತೆ. ಟಿವಿ ‘ನೋ ಸಿಗ್ನಲ್’ ಎಂದಿತು.

ರಿಮೋಟಿನಲ್ಲಿ ಇದ್ದಬದ್ದ ಗುಂಡಿಯೆಲ್ಲ ಒತ್ತಿದೆ. ಆರಿಸಿ ಹಚ್ಚಿದೆ. ಟ್ಯಾಬ್ಲೆಟ್ಟಿನಲ್ಲಿ ಹೆಂಗಸರು ಇಷ್ಟಿಷ್ಟೇ ಕಾಣುತ್ತ “ಬಂತೇನು?” ಎಂದು ಕೂಗುತ್ತಿದ್ದರು. ತಂಗಿ, “ಇರ್ಲಿ ಬಿಡಕ್ಕ,” ಎಂದು ಕಣ್ಣು ಮುಚ್ಚಿದಳು. ಆ ‘ಇರ್ಲಿ ಬಿಡು’ ನನಗೆ ಚುರ್ ಎಂದಿತು. ವೈರನ್ನು ಮತ್ತೆ ಒತ್ತಿ ನೋಡಿದೆ. ಅದು ಪೂರ್ತಿ ಒಳಗೆ ಕೂರದೆ ಅಲ್ಲಾಡುತ್ತಿತ್ತು. ಟಾರ್ಚ್ ಹಾಕಿ ಟಿವಿಯ ಪಕ್ಕದ ಕಿಂಡಿಯೊಳಗೆ ಇಣುಕಿದರೆ ಒಳಗೆಲ್ಲ ಕೆಂಪು, ನಡುನಡುವೆ ಬಿಳಿ. ಕುಂಕುಮ, ವಿಭೂತಿ!

“ನಾನೇ ಹಚ್ಚೀನ್ರಿ,” ಎಂದರು ತಂಗಿಯ ಅತ್ತೆ. ದೀಪಾವಳಿ ಅಮಾವಾಸ್ಯೆಗೆ ಮಿಕ್ಸರ್, ಫ್ರಿಜ್, ಬೈಕ್ ಜೊತೆ ಟಿವಿಗೂ ಪೂಜೆ. ಗಾಜಿಗೆ ಹಚ್ಚಿದರೆ ಕಲೆಯಾಗುತ್ತದೆಂದು ಮಗ ಗದರಿದ ಮೇಲೆ ಅವರು ಪಕ್ಕಕ್ಕೆ ಹಚ್ಚತೊಡಗಿದ್ದರು. ವರ್ಷವರ್ಷವೂ ಒದ್ದೆ ಬೆರಳು ಅದೇ ಕಿಂಡಿಗೆ.

ನಾನು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಬ್ರಷ್ ಕೇಳಿದೆ. ಅವರು ಟಿವಿಗೆ ಅಡ್ಡ ನಿಂತರು. “ಪೂಜಾ ಮಾಡಿದ ಕುಂಕುಮ ಒರಸಬಾರದ್ರಿ ಟೀಚರಬಾಯಿ. ಅದೂ ಇವತ್ತ, ಬಸುರಿ ಮುಂದ?” ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಆದರೆ ಅವರ ಕಣ್ಣು ತಂಗಿಯ ಹೊಟ್ಟೆಯ ಮೇಲೇ ಇತ್ತು. ಹೋದ ಸಲದ ಭಯ ನನ್ನ ತಂಗಿಯೊಬ್ಬಳಿಗೇ ಅಲ್ಲ, ಈ ಹೆಂಗಸಿಗೂ ಇತ್ತು.

“ಒರಸಂಗಿಲ್ರಿ ಅತ್ತಿ. ತಗದು ನಿಮ್ಮ ಕೈಯಾಗ ಕೊಡ್ತೀನಿ, ನೀವ ಅಕಿ ಹಣಿಗಿ ಹಚ್ಚರಿ,” ಎಂದೆ.

ಅವರು ಒಳಗೆ ಹೋಗಿ ಹೊಸ ಬ್ರಷ್ಷು, ಕಡ್ಡಿ, ಒಂದು ಬೆಳ್ಳಿ ಬಟ್ಟಲು ತಂದರು. ಟಾರ್ಚನ್ನು ತಾವೇ ಹಿಡಿದರು. ನಾನು ಕೆದರಿದಂತೆ ಕೆಂಪು ಪುಡಿ ಬಟ್ಟಲಿಗೆ ಉದುರುತ್ತಾ ಹೋಯಿತು. ಊದಿದೆ, ಮತ್ತೆ ಕೆದರಿದೆ, ಮತ್ತೆ ಊದಿದೆ. ಈ ಸಲ ವೈರು ಟಕ್ ಎಂದು ಕೂತಿತು. ಪ್ಲಗ್ಗು ಚುಚ್ಚಿ ರಿಮೋಟ್ ಒತ್ತಿದರೆ ನಮ್ಮ ಚಿತ್ತಾಪುರದ ಪಡಸಾಲೆ ಗೋಡೆಯ ತುಂಬ ಬಂತು! ಅವ್ವನ ಮೂಗುತಿ ಕೂಡ ಕಾಣುತ್ತಿತ್ತು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಕ್ವಾರ್ಟರ್ಸಿನವರು ಬಾಗಿಲು ತೆಗೆದರು. ಹೈಸ್ಕೂಲ್ ಟೀಚರಿಗೆ ಒಪ್ಪುವ ಕೂಗಲ್ಲ ಅದು, ಆದರೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ಅತ್ತೆ ಬಟ್ಟಲಿನ ಕುಂಕುಮವನ್ನು ತಂಗಿಯ ಹಣೆಗೆ ಹಚ್ಚಿ ಉಡಿ ತುಂಬಿದರು. ನಾನು ಬಳೆ ಇಡಿಸಿದೆ. ಟಿವಿಯೊಳಗಿಂದ ಹಾಡು ಶುರುವಾಯಿತು. ತಂಗಿ ಮೊದಲು ಅತ್ತಳು, ಆಮೇಲೆ ಒಬ್ಬೊಬ್ಬರ ಮುಖ ಗುರುತು ಹಿಡಿಯುತ್ತ ನಗತೊಡಗಿದಳು. ಹಾಡು ಮುಗಿದಾಗ ಅವ್ವ, “ಇನ್ನ ಗಂಡನ ಹೆಸರ ಹೇಳು. ಒಡಪು ಹಾಕಿ ಹೇಳಬೇಕು,” ಎಂದಳು. ಹೆಸರನ್ನು ಪ್ರಾಸದ ಸಾಲಿನಲ್ಲಿ ಕಟ್ಟಿ ಹೇಳದೆ ಬಸುರಿಗೆ ಬಿಡುಗಡೆಯಿಲ್ಲ. ಪಾಳಿ ಮುಗಿಸಿ ಬಂದ ಗಂಡ ಆಗಲೇ ಬಾಗಿಲಲ್ಲಿ ನಿಂತಿದ್ದ. ತಂಗಿ ಅವನನ್ನು ನೋಡಿದಳು.

“ಏಳಬ್ಯಾಡ ಅಂತ ಹೇಳ್ಯಾರ ಡಾಕ್ಟರ, ಮಲಗಿದಲ್ಲೇ ಚಾ ತಂದು ಕೊಡ್ತಾರ,” ಎಂದು ಶುರುಮಾಡಿ, ಅವನ ಹೆಸರನ್ನು ಚಿತ್ತಾಪುರಕ್ಕೆ ಟಿವಿಯಿಲ್ಲದೆಯೂ ಕೇಳಿಸುವಷ್ಟು ಜೋರಾಗಿ ಹೇಳಿದಳು. ಅವನು ಹೆಲ್ಮೆಟ್ಟಿನಿಂದ ಮುಖ ಮುಚ್ಚಿಕೊಂಡ.

ಹೆಂಗಸರು ಬಿಡಲಿಲ್ಲ. ಇನ್ನೊಂದು ಹೇಳು, ಇನ್ನೊಂದು, ಎಂದು ಗದ್ದಲವೆಬ್ಬಿಸಿದರು.

“ಇವತ್ತ ಇಷ್ಟ ಸಾಕು,” ಎಂದಳು ತಂಗಿ. “ಉಳದದ್ದು ತೊಟ್ಟಲದಾಗ ಕೂಸಿನ ಹಾಕೋ ದಿನ ಹೇಳ್ತೀನಿ. ಅವತ್ತ ಟಿವಿಯೊಳಗ ಬಂದ್ರ ನಡಿಯಂಗಿಲ್ಲ, ಎಲ್ಲಾರೂ ಮನಿಗೇ ಬರ್ರಿ.”