ಮಾವನ ಸ್ನಾನ ನನ್ನ ಪಾಲಿಗೆ ಬಂದದ್ದು

ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಮಾವನಿಗೆ ಸ್ನಾನ ಮಾಡಿಸುತ್ತಿದ್ದವರು ನನ್ನ ಗಂಡ. ಅವರು ಬೈಕಿನಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ ಆ ಕೆಲಸ ನನಗೆ ಬಂತು. ಮಳವಳ್ಳಿಯಿಂದ ಮದ್ದೂರಿನ ಶಾಲೆಗೆ ದಿನಾ ಓಡಾಡುವವಳು ನಾನು. ಅಡುಗೆ, ಬಸ್ಸು, ಪಾಠ, ಮತ್ತೆ ಬಸ್ಸು. ಅದರ ನಡುವೆ ಇದೊಂದು. ಆಗುವುದಿಲ್ಲ ಅನ್ನುವುದಕ್ಕೂ ತ್ರಾಣವಿರಲಿಲ್ಲ.

ಮೊದಲ ದಿನ ಮಾವ ಪಂಚೆ ಬಿಚ್ಚಲು ಬಿಡಲಿಲ್ಲ. ಎಡಗೈಯಲ್ಲಿ ಗಂಟು ಹಿಡಿದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು.

"ಬಸ್ಸಿಗೆ ಹೊತ್ತಾಯ್ತದೆ ಮಾವ" ಅಂದೆ. ಕೈ ನಿಧಾನವಾಗಿ ಸಡಿಲವಾಯಿತು.

ಮುಂದೊಗಲು ಸರಿಸಿ ತೊಳೆಯುವಾಗ ಶಿಶ್ನದ ತುದಿಯಲ್ಲಿ ತೊಗರಿಬೇಳೆಯಷ್ಟಗಲದ ಕೆಂಪು ಮಚ್ಚೆ ಕಂಡಿತು. ನುಣ್ಣಗೆ, ಒದ್ದೆಯಾದಂತೆ ಹೊಳೆಯುತ್ತಿತ್ತು. ಕೀವಿಲ್ಲ, ಗಂಟಿಲ್ಲ. ನೋವಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು.

ಸಂಜೆ ಗಂಡನಿಗೆ ಹೇಳಿದೆ.

"ಅದು ಯುಗಾದಿಗೆ ಮುಂಚಿಂದ್ಲೂ ಐತೆ ಕಣೆ. ಹುಳುಕಡ್ಡಿ ಮುಲಾಮು ಹಚ್ತಾನೇ ಇವ್ನಿ."

"ದಸರಾ ಬಂತು. ಇನ್ನೂ ಹೋಗಿಲ್ಲ ಅಂದ್ಮೇಲೆ ಅದು ಹುಳುಕಡ್ಡಿ ಹೆಂಗಾಯ್ತದೆ?"

"ಈ ವಯಸ್ನಲ್ಲಿ ಅದ್ನೆಲ್ಲಾ ಯಾರಿಗೆ ತೋರ್ಸದು, ಬುಡು."

ಬಿಟ್ಟುಬಿಡಬೇಕೆಂದು ನನಗೂ ಅನ್ನಿಸಿತ್ತು. ಆದರೆ ಮರುದಿನವೂ ತೊಳೆಯಬೇಕಿತ್ತು, ಮರುದಿನವೂ ಅದು ಅಲ್ಲೇ ಇತ್ತು.

ದಸರಾ ರಜೆಯಲ್ಲಿ ಬಾಡಿಗೆ ಕಾರು ಮಾಡಿ ಮಾವನನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಚರ್ಮದ ಡಾಕ್ಟರ ಮುಂದೆ ಗಂಡ ನೆಲ ನೋಡುತ್ತಾ ಕುಳಿತರು. ನಾನೇ ಎಲ್ಲ ಹೇಳಿದೆ. ಡಾಕ್ಟರು ದೀಪ ಹಿಡಿದು ನೋಡಿ, "ಮುಲಾಮು ನಿಲ್ಲಿಸಿ. ಅಂಚು ಗೆರೆ ಎಳೆದಂಗಿದೆ ನೋಡಿ. ಇಷ್ಟು ದಿನ ಮಾಯದ ಮಚ್ಚೆಯನ್ನ ಕಣ್ಣಲ್ಲೇ ನೋಡಿ ಇಂಥದ್ದು ಅನ್ನಕ್ಕಾಗಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು" ಅಂದರು. ಮರಗಟ್ಟಿಸುವ ಸೂಜಿ ಚುಚ್ಚುವಾಗ ಮಾವ ನನ್ನ ಸೆರಗು ಹಿಡಿದುಕೊಂಡರು.

ವರದಿ ಬಂದಾಗ ಡಾಕ್ಟರು ಬಿಡಿಸಿ ಹೇಳಿದರು: ಇದು ಇನ್ನೂ ಒಳಗಿಳಿದ ಕ್ಯಾನ್ಸರ್ ಅಲ್ಲ, ಕೆಟ್ಟ ಜೀವಕೋಶಗಳು ಚರ್ಮದ ಮೇಲಿನ ಪದರದಲ್ಲೇ ಇವೆ. ಹೀಗೇ ಬಿಟ್ಟಿದ್ದರೆ ಇಳಿಯುತ್ತಿದ್ದವೇನೋ. ಗಂಡ ಹೊರಗೆ ಹೋಗಿ ಕಾರಿನ ಪಕ್ಕ ಬಹಳ ಹೊತ್ತು ನಿಂತಿದ್ದರು. ನನಗೆ ಅಳು ಬರಲಿಲ್ಲ. ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಕೆಲವು ವಾರ ಹಚ್ಚಲು ಬೇರೆ ಕ್ರೀಮು ಕೊಟ್ಟರು. ಅದು ಉರಿ. ಚರ್ಮ ಸುಲಿದು ಹಸಿಯಾಯಿತು. ಕೈಗವಸು ಹಾಕಿಕೊಂಡು ಹಚ್ಚುವಾಗ ಮಾವ ತೊದಲುತ್ತಾ, "ನಿನ್ ಕೈಲಿ ಇದ್ನೆಲ್ಲಾ ಮಾಡ್ಸ್ಕೊಳೋ ಅಂಗಾಯ್ತಲ್ಲವ್ವ" ಅಂದರು.

"ಸುಮ್ನಿರಿ ಮಾವ" ಅಂದೆ. ದನಿ ಗಡುಸಾಗಿಯೇ ಬಂತು. ಅದನ್ನು ಮೆದು ಮಾಡಲು ನನ್ನಿಂದ ಆಗಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಮಚ್ಚೆ ಹೋಯಿತು. ಮರಳಿ ಬರಬಹುದು, ಆಗಾಗ ತೋರಿಸುತ್ತಿರಿ ಎಂದರು ಡಾಕ್ಟರು. ಅಷ್ಟರಲ್ಲಿ ಗಂಡನ ಕೈಯೂ ಕೂಡಿತ್ತು. ಒಂದು ಬೆಳಿಗ್ಗೆ ಅವರೇ ಬಿಸಿನೀರು ತೋಡಿಕೊಂಡು ಬಂದರು. ಮಾವ ಏಳಲಿಲ್ಲ.

"ನೀನು ಬ್ಯಾಡ ಕಣ್ಲಾ. ನೀನು ನೆಟ್ಗೆ ನೋಡಾಕಿಲ್ಲ. ಅವ್ಳೇ ಮಾಡ್ಲಿ."

ಗಂಡ ನನ್ನ ಮುಖ ನೋಡಿದರು. ಸಂತೋಷಪಡಬೇಕಾದ ಮಾತು ಅದು, ನನಗೆ ಗೊತ್ತು. ಒಲೆ ಸಣ್ಣದು ಮಾಡಿ, ಸೆರಗು ಸಿಕ್ಕಿಸಿಕೊಂಡು ಬಚ್ಚಲಿಗೆ ಹೋದೆ.