ಪಂಪ್‌ಹೌಸಿನ ಮೆಟಲ್ಲು, ಅಕ್ಕನ ಆರತಕ್ಷತೆ

ತೊಂಬತ್ತರ ದಶಕದ ನಡುವಿನಲ್ಲಿ ಮೆಟಲ್ ಸಂಗೀತ ಎಂದರೆ ಏನೆಂದು ಪಾಂಡವಪುರದ ಸುತ್ತಮುತ್ತ ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ನಮಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು. ಯಾರ ಹಂಗೂ ಇಲ್ಲದೆ ತಾವೇ ಹುಟ್ಟಿ ತಾವೇ ಮುಳುಗಿದ ಬ್ಯಾಂಡುಗಳ ಚರಿತ್ರೆ ಬರೆಯಲು ಯಾರಾದರೂ ಕೂತರೆ ನಮ್ಮದನ್ನು ಖಂಡಿತ ಬಿಟ್ಟುಬಿಡುತ್ತಾರೆ. ಬಿಡಲಿ. ಆದರೆ ನಾವು ನುಡಿಸುತ್ತಿದ್ದದ್ದನ್ನು ಯಾರಾದರೂ ಗಲಾಟೆ ಅಂದರೆ ನನಗೆ ಈಗಲೂ ರೇಗುತ್ತದೆ. ಗಲಾಟೆ ಮಾಡುವುದಕ್ಕೆ ಒಂದು ವರ್ಷ ಕೂತು ಯಾರಪ್ಪಾ ಪ್ರಾಕ್ಟೀಸ್ ಮಾಡುತ್ತಾರೆ?

ಎಲ್ಲ ಶುರುವಾದದ್ದು ಶ್ರೀರಂಗಪಟ್ಟಣದಲ್ಲಿ. ನಮ್ಮ ಹಾಡುಗಾರ ಗೆಳೆಯನ ಚಿಕ್ಕಪ್ಪನಿಗೆ ಅಲ್ಲಿ ಬಾಡಿಗೆ ಸೈಕಲ್ ಅಂಗಡಿ ಇತ್ತು. ಕೋಟೆ, ಸಂಗಮ ಸುತ್ತಿ ಬರಲು ಸೈಕಲ್ ಒಯ್ದ ಒಬ್ಬ ಫಾರಿನ್ ಹುಡುಗ ವಾಪಸ್ ಕೊಡುವಾಗ ಕ್ಯಾರಿಯರಿನಲ್ಲಿ ಒಂದು ಕ್ಯಾಸೆಟ್ ಮರೆತು ಹೋಗಿದ್ದ. ಅಂಗಡಿಯದ್ದಲ್ಲ, ಮನೆಯಲ್ಲೇ ತುಂಬಿಸಿಕೊಂಡದ್ದು. ಮೇಲೆ ಸ್ಕೆಚ್ ಪೆನ್ನಿನಲ್ಲಿ ಒಂದು ಮಗ್ಗುಲಿಗೆ ‘ಮೆಟಲ್’ ಎಂದೂ ಇನ್ನೊಂದು ಮಗ್ಗುಲಿಗೆ ‘ಸ್ಕಾ’ ಎಂದೂ ಬರೆದಿತ್ತು. ಸ್ಕಾ ಎಂದರೆ ಏನೆಂದು ನಮಗ್ಯಾರಿಗೂ ತಿಳಿಯಲಿಲ್ಲ. ಮೆಟಲ್ ಜೊತೆಗೇ ಇದೆ ಅಂದಮೇಲೆ ಅದಕ್ಕಿಂತ ಗಟ್ಟಿಯಾದ ಮೆಟಲ್ಲೇ ಇರಬೇಕು ಎಂದು ತೀರ್ಮಾನಿಸಿದೆವು.

ಹಾಡುಗಾರನ ತೋಟ ಮೇಲುಕೋಟೆ ರಸ್ತೆಯಲ್ಲಿತ್ತು. ಟೇಪ್ ರೆಕಾರ್ಡರನ್ನು ಮನೆಯೊಳಕ್ಕೆ ತಂದರೆ ಬಾವಿಗೆ ಎಸೆಯುತ್ತೇನೆ ಎಂದು ಅವನಪ್ಪ ಹೇಳಿದ್ದರಿಂದ ಅದು ಬಾವಿ ಪಕ್ಕದ ಪಂಪ್‌ಹೌಸಿನಲ್ಲೇ ವಾಸವಾಗಿತ್ತು. ಆ ಲೈನಿಗೆ ಕರೆಂಟು ಬರುತ್ತಿದ್ದದ್ದೇ ನೀರು ಹಾಯಿಸುವ ಹೊತ್ತಿನಲ್ಲಿ. ಬಂತೆಂದರೆ ಸುತ್ತಲಿನ ಬಾವಿಗಳ ಮೋಟರುಗಳೆಲ್ಲ ಒಮ್ಮೆಗೇ ಎದ್ದುಕೊಳ್ಳುತ್ತಿದ್ದವು. ಗೋಡೆಯ ಬಲ್ಬು ಒಳಗಿನ ತಂತಿ ಮಾತ್ರ ಕೆಂಪಗೆ ಕಾಣುವಷ್ಟು ಉರಿಯುತ್ತಿತ್ತು. ಆ ಬಲ್ಬಿನ ಕೆಳಗಿನ ಪ್ಲಗ್ಗಿಗೇ ನಮ್ಮ ಟೇಪ್ ರೆಕಾರ್ಡರು. ನಾವು ಮೂವರೂ ಸೈನ್ಸ್ ಓದುತ್ತಿದ್ದವರು ಎಂಬುದನ್ನು ಇಲ್ಲಿ ಹೇಳದೆ ಇರುವುದು ಮೋಸವಾಗುತ್ತದೆ.

ಮೆಟಲ್ ಎಂದು ಬರೆದ ಮಗ್ಗುಲು ಹಾಕಿದರೆ ನಿದ್ದೆ ಬರುತ್ತಿತ್ತು. ಅದನ್ನು ಬಿಟ್ಟೆವು. ಆದರೆ ಆ ಸ್ಕಾ ಮಗ್ಗುಲು! ಅಬ್ಬಬ್ಬಾ. ಹೂತುಹೋದ ಗಾಡಿಯನ್ನು ಎಳೆಯುವ ಎತ್ತುಗಳ ಹಾಗೆ ಏನೋ ಗುಟುರು ಹಾಕುತ್ತಿತ್ತು. ಅದರ ನಡುವೆ ಒಬ್ಬ ಹೊಟ್ಟೆಯ ತಳದಿಂದ ನರಳುತ್ತಿದ್ದ. ಯಾವ ಪದವೂ ಅರ್ಥವಾಗುತ್ತಿರಲಿಲ್ಲ. ನಮ್ಮ ಮೈ ಕೂದಲೆಲ್ಲ ನಿಮಿರಿ ನಿಂತವು. ಹಾಡುಗಾರ ಆ ದನಿ ಬರಲೆಂದು ಐಸ್‌ಕ್ಯಾಂಡಿ ತಿಂದು ಅದರ ಮೇಲೆ ಹುರಿಗಡಲೆ ಮುಕ್ಕಿ ಗಂಟಲು ಕೆಡಿಸಿಕೊಂಡ. ನಾನು ಮೈಸೂರಿನಲ್ಲಿ ಹಳೇ ಗಿಟಾರೊಂದನ್ನು ಹಿಡಿದು ತಂದೆ. ಅದಕ್ಕೆ ಐದೇ ತಂತಿ, ಆರನೆಯದನ್ನು ಹಾಕಿಸಬೇಕೆಂದು ಇವತ್ತಿಗೂ ಅಂದುಕೊಳ್ಳುತ್ತಿದ್ದೇನೆ. ಮೂರನೆಯವನು ಡ್ರಮ್ಮಿನವನು. ಅವನಪ್ಪ ಸಂತೆಬಾಚಹಳ್ಳಿ ಕಡೆ ಮದುವೆ ಬ್ಯಾಂಡ್ ಸೆಟ್ಟಿನ ಯಜಮಾನರು, ಸ್ವತಃ ಟ್ರಂಪೆಟ್ ಊದುವವರು.

ಒಂದು ಸಲ ಅವರು ಮಗನನ್ನು ಯಾವುದೋ ಮದುವೆಗೆ ಕರೆದೊಯ್ಯಲು ಬಂದವರು ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ನಮ್ಮ ಹಾಡು ಪೂರ್ತಿ ಕೇಳಿದರು.

‘ಎಣ ಹೊತ್ಕಂಡ್ ಓಗೋರೂ ಇದ್ಕಿಂತ ಬಿರ್ರನೆ ನಡೀತಾರೆ ಕಣ್ಲಾ’ ಅಂದರು ಮಗನಿಗೆ.

ನಮಗೆ ಅದು ಹೊಗಳಿಕೆಯಂತೆಯೇ ಕೇಳಿಸಿತು. ಆಮೇಲೆ ಪಾಂಡವಪುರದಲ್ಲಿ ಕಾಲೇಜಿನ ಸಮಾರಂಭಕ್ಕೆ ನುಡಿಸಿದೆವು. ಮೊದಲ ಹಾಡು ಅರ್ಧ ಆಗುವ ಮೊದಲೇ ಯಾರೋ ಮೈಕ್ ಆಫ್ ಮಾಡಿದರು. ನಾವು ಮೈಕಿಲ್ಲದೆಯೇ ಮುಗಿಸಿದೆವು. ಕೆಳಗೆ ಇಳಿದಾಗ ನಮ್ಮ ಮೂವರಷ್ಟು ಖುಷಿಯಾಗಿದ್ದ ಜನ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಇಷ್ಟರಲ್ಲಿ ನನ್ನ ಅಕ್ಕನಿಗೆ ಮದುವೆ ಗೊತ್ತಾಯಿತು. ಗಂಡು ನಾಗಮಂಗಲ ತಾಲ್ಲೂಕು ದೇವಲಾಪುರದ ಕಡೆಯವನು, ಹಾಲಿನ ಡೇರಿಯಲ್ಲಿ ಕೆಲಸ. ಎರಡೂ ಕಡೆಯವರಿಗೆ ಅನುಕೂಲವಾಗಲಿ ಎಂದು ಕೆ.ಆರ್. ಪೇಟೆಯ ಛತ್ರ ಹಿಡಿದರು, ಅದು ಎರಡೂ ಕಡೆಯವರಿಗೆ ದೂರವಾಯಿತು. ನಮ್ಮ ಕಡೆ ಆರತಕ್ಷತೆ ಹಿಂದಿನ ದಿನ ಸಂಜೆ, ಧಾರೆ ಮರುದಿನ ಬೆಳಿಗ್ಗೆ. ಆರತಕ್ಷತೆಗೆ ಮೈಸೂರಿನ ಆರ್ಕೆಸ್ಟ್ರಾ ಕರೆಸುವುದೆಂದು ಅಪ್ಪ ಹೇಳಿದ್ದರು. ಅಕ್ಕ ಊಟಕ್ಕೆ ಕೂತಾಗ, ‘ಆರ್ಕೆಸ್ಟ್ರಾ ಬ್ಯಾಡ, ತಮ್ಮನ ಬ್ಯಾಂಡೇ ನುಡುಸ್ಲಿ’ ಅಂದುಬಿಟ್ಟಳು.

ಅಪ್ಪ ತುತ್ತನ್ನು ಕೆಳಗಿಟ್ಟರು. ‘ಆ ಎಮ್ಮೆ ನರಳಾಟನಾ?’

‘ನೀವು ತೋರ್ಸಿದ್ ಗಂಡಿಗೆ ಊಂ ಅಂದಿದ್ದೀನಲ್ಲ. ಇದೊಂದ್ ನನ್ ಮಾತು ನಡೀಲಿ.’

ನನಗೆ ಹಿಗ್ಗೋ ಹಿಗ್ಗು. ನಮ್ಮ ಸಂಗೀತದ ಬೆಲೆ ತಿಳಿದವಳು ಮನೆಯಲ್ಲೇ ಇದ್ದಾಳಲ್ಲ ಎಂದು ಹಿತ್ತಿಲಿಗೆ ಓಡಿ ಅವಳಿಗೆ ಥ್ಯಾಂಕ್ಸ್ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ನನ್ನ ಕಿವಿ ಹಿಡಿದು ಹತ್ತಿರ ಎಳೆದಳು.

‘ನೋಡಕ್ ಬಂದಾಗ ಉಪ್ಪಿಟ್ಟು ತಿಂದ, ಕಾಪಿ ಕುಡ್ದ, ಎಲ್ಲಿವರ್ಗೂ ಓದಿದ್ದೀರಿ ಅಂದ. ಅಷ್ಟೇ ಕಣ್ಲಾ. ಮನ್ಸ ಎಂಗೆ ಅಂತ ಇದ್ರಾಗೆ ಏನ್ ಗೊತ್ತಾಯ್ತದೆ? ಏನಾರ ಎಡವಟ್ಟಾದಾಗ ಏನ್ ಮಾಡ್ತಾನೆ, ಅದು ನಂಗೆ ಗೊತ್ತಾಗ್ಬೇಕು. ನೀವು ನುಡಿಸುದ್ರೆ ಎಡವಟ್ಟಾಗೋದು ಗ್ಯಾರಂಟಿ.’

ನನ್ನ ಮುಖ ನೋಡಿ ಅವಳಿಗೆ ನಗು ಬಂತು, ಆದರೆ ಕಿವಿ ಬಿಡಲಿಲ್ಲ. ಹಸೆ ಮೇಲೆ ತಾನು ತಲೆ ತಗ್ಗಿಸಿ ನಿಂತಿರಬೇಕು, ಪಕ್ಕಕ್ಕೆ ತಿರುಗಿ ಅವನನ್ನು ನೋಡುವ ಹಾಗಿಲ್ಲ. ಆದ್ದರಿಂದ ನುಡಿಸುತ್ತ ನುಡಿಸುತ್ತ ನಾನೇ ಅವನ ಮುಖವನ್ನು ಕಣ್ಣಿಟ್ಟು ನೋಡಿ ಬಂದು ಹೇಳಬೇಕು. ಹಲ್ಲು ಕಡಿದನೇ, ಯಾರ ಮೇಲಾದರೂ ಹರಿಹಾಯ್ದನೇ, ಅವಳನ್ನು ಕೆಕ್ಕರಿಸಿದನೇ, ಎಲ್ಲ. ನಮ್ಮ ಚಿಕ್ಕಮ್ಮನ ಗಂಡ ಉಪ್ಪು ಕಮ್ಮಿಯಾಯಿತೆಂದು ತಟ್ಟೆ ಬೀಸಿ ಒಗೆಯುವುದನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು. ಹಾಗಾಗಿ ಅವಳು ಯಾಕೆ ಕೇಳುತ್ತಿದ್ದಾಳೆ ಎಂದು ನಾನು ಕೇಳಬೇಕಾಗಿರಲಿಲ್ಲ.

‘ನೆಟ್ಟಗಿಲ್ಲ ಅಂದ್ರೆ?’ ಅಂದೆ.

‘ಬೆಳಿಗ್ಗೆ ಧಾರೆಗೆ ಕುಂತ್ಕಳಾಕಿಲ್ಲ. ಅಪ್ಪಂಗೆ ನಾನೇ ಹೇಳ್ತೀನಿ.’

ಅವಳು ಹೇಳಿದಂತೆ ಮಾಡುವವಳೇ. ಅಲ್ಲಿಂದ ನನಗೆ ಅನ್ನ ಸೇರಲಿಲ್ಲ.

ಆರತಕ್ಷತೆಯ ದಿನ ಕೆ.ಆರ್. ಪೇಟೆಯಲ್ಲಿ ಮಧ್ಯಾಹ್ನವೇ ಕರೆಂಟು ಹೋಗಿ ಛತ್ರದ ಹಿಂದೆ ಜನರೇಟರ್ ಶುರುವಾಗಿತ್ತು. ಮೈಕ್‌ಸೆಟ್‌ನವನು ಸ್ಪೀಕರುಗಳನ್ನು ಜೋಡಿಸಿ, ಟೆಸ್ಟಿಂಗಿಗೆ ಏನಾದರೂ ಹಾಕಬೇಕು ಎಂದ. ಹಾಡುಗಾರ ಹೆಮ್ಮೆಯಿಂದ ನಮ್ಮ ಕ್ಯಾಸೆಟ್ಟನ್ನು, ಸ್ಕಾ ಮಗ್ಗುಲು ಹಾಕಿ ಎಂದು ಕೊಟ್ಟ.

ಸ್ಪೀಕರಿನಿಂದ ಬಂದದ್ದನ್ನು ಏನೆಂದು ಹೇಳಲಿ. ಹಟ್ಟಿಯಿಂದ ಬಿಟ್ಟ ಮೇಕೆಮರಿಗಳು ನೆಗೆದಂತೆ ಹಾಡು ನೆಗೆಯಿತು. ಸ್ಕಾ ಎಂದರೆ ಕುಣಿತದ ಹಾಡು ಎಂದು ಆಗ ಗೊತ್ತಾಯಿತು. ನಾವು ಗುಟುರು ಎಂದುಕೊಂಡಿದ್ದದ್ದು ಟ್ರಂಪೆಟ್ಟು. ನರಳುತ್ತಿದ್ದಾನೆ ಎಂದುಕೊಂಡಿದ್ದವನು ನಗುನಗುತ್ತ ಹಾಡುತ್ತಿದ್ದ. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು.

‘ಅಣ್ಣ, ನಿಮ್ ಮಿಷೀನು ಸ್ಪೀಡಾಗ್ ಓಡ್ತಾ ಐತೆ’ ಅಂದೆ.

‘ನಂದು ಸರ್ಯಾಗೇ ಐತೆ. ನೀವ್ ಎಲ್ ಕೇಳ್ತಿದ್ರಿ ಇದ್ನ?’

‘ಪಂಪ್‌ಹೌಸಲ್ಲಿ.’

‘ಮೋಟ್ರು ಓಡೋವಾಗ್ಲಾ?’

ಹೂಂ ಎಂದು ತಲೆಯಾಡಿಸಿದೆವು. ಅವನು ಕುರ್ಚಿ ಎಳೆದುಕೊಂಡು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಮೋಟರುಗಳ ಹೊಡೆತಕ್ಕೆ ಓಲ್ಟೇಜು ಬಿದ್ದು ಟೇಪು ತೆವಳುತ್ತಿತ್ತು, ನಾವು ಒಂದು ವರ್ಷ ಆ ತೆವಳುವಿಕೆಯನ್ನು ಕಲಿತಿದ್ದೆವು. ನಾವು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಸಂಗೀತ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಹಾಡುಗಾರ ಕಂಬಕ್ಕೆ ಒರಗಿ ಕೂತುಬಿಟ್ಟ.

ಗಂಡಿನ ಮೆರವಣಿಗೆಗೆಂದು ಬಂದಿದ್ದ ಬ್ಯಾಂಡ್ ಸೆಟ್ಟು ನಮ್ಮ ಡ್ರಮ್ಮಿನವನ ಅಪ್ಪನದೇ. ಅವರು ಟೀ ಲೋಟ ಹಿಡಿದುಕೊಂಡು ಸ್ಪೀಕರಿನ ಹತ್ತಿರ ಬಂದು ತಲೆಯಾಡಿಸಿದರು.

‘ಇದಪ್ಪ ಬಾರ್ಸೋದು ಅಂದ್ರೆ. ನಮ್ ಮೆರವಣಿಗೆ ಪೆಟ್ಟೇ ಅಲ್ವೇನ್ಲಾ ಇದು? ನೀವ್ ಯಾಕ್ರಲಾ ಇದ್ನ ಸಾಯ್ಸಿದ್ರಿ?’

ಡ್ರಮ್ಮಿನವನಿಗೆ ಜೀವ ಬಂತು. ಹುಟ್ಟಿದಾಗಿನಿಂದ ಮದುವೆಗಳಲ್ಲಿ ಬಾರಿಸಿದವನು, ಈ ಓಟ ಅವನಿಗೆ ನೀರು ಕುಡಿದಷ್ಟು ಸಲೀಸು. ಅವನಪ್ಪನೂ ಊದುತ್ತೇನೆ ಎಂದರು. ಸರಿ, ಸ್ಪೀಡಾಗಿಯೇ ನುಡಿಸುವುದು ಎಂದಾಯಿತು. ಹಾಡುಗಾರ ಇನ್ನೂ ಕಂಬ ಬಿಟ್ಟು ಎದ್ದಿರಲಿಲ್ಲ. ಅವನಿಗೆ ಇನ್ನೂ ತಲೆ ತಿರುಗುತ್ತಿತ್ತು.

ಸಂಜೆ ಛತ್ರ ತುಂಬಿತು. ಹಸೆಯ ಮೇಲೆ ಹಾರ ಹಾಕಿಕೊಂಡು ಅಕ್ಕ, ಪಕ್ಕದಲ್ಲಿ ಹೊಸ ಸೂಟಿನಲ್ಲಿ ಬಿಗಿದುಕೊಂಡ ಗಂಡು. ಅವನ ಮುಖದ ಮೇಲೆ ಏನೂ ಇರಲಿಲ್ಲ, ರೇಷನ್ ಕಾರ್ಡಿನ ಫೋಟೋದ ಹಾಗೆ. ಹಸೆಯ ಬಲಕ್ಕೆ ಕೆಳಗೆ ನಮಗೆ ಜಾಗ ಕೊಟ್ಟಿದ್ದರು. ಗಂಡಿನ ಸೋದರಮಾವ ಗರಿಗರಿ ಪಂಚೆಯಲ್ಲಿ ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಗಿಟಾರ್ ಹಿಡಿದು, ಗಂಡಿನ ಮುಖ ಕಾಣುವ ಹಾಗೆ ನಿಂತೆ.

ಶುರುಮಾಡಿದೆವು. ಡ್ರಮ್ಮಿನವನು ಮತ್ತು ಅವನಪ್ಪ ಮೆರವಣಿಗೆಯ ಓಟದಲ್ಲಿ ಹೊರಟರು. ಹಾಡುಗಾರನ ಬಾಯಿಗೆ ಗೊತ್ತಿದ್ದದ್ದು ಪಂಪ್‌ಹೌಸಿನ ಓಟ ಒಂದೇ. ಅವನು ಮೊದಲ ಪದವನ್ನು ನರಳಿ ಮುಗಿಸುವಷ್ಟರಲ್ಲಿ ಟ್ರಂಪೆಟ್ಟು ಹಾಡನ್ನೇ ಮುಗಿಸಿ ಮತ್ತೆ ಮೊದಲಿಗೆ ಬಂದಿತ್ತು. ನಾನು ಇಬ್ಬರಿಗೂ ಬೇಸರವಾಗದಿರಲಿ ಎಂದು ನಡುವಿನ ಓಟ ಹಿಡಿದೆ. ಹೀಗೆ ಒಂದೇ ಹಾಡು ಮೂರು ದಾರಿಯಲ್ಲಿ ಹೋಗುತ್ತಿತ್ತು. ಒಂದು ಮಗು ಅಳಲು ಶುರುಮಾಡಿತು. ಒಬ್ಬ ಮುದುಕರು ಎದ್ದು ಕುಣಿದರು, ಅವರು ಯಾವ ಕಡೆಯ ನೆಂಟರು ಎಂದು ಕೊನೆಗೂ ಗೊತ್ತಾಗಲಿಲ್ಲ. ಆಹಾ, ಆ ಗಳಿಗೆಯಲ್ಲಿ ನನಗೆ ಭಯವೆಲ್ಲ ಹಾರಿಹೋಗಿ ಕುಣಿಯುವ ಹಾಗಾಯಿತು. ಎಂಥಾ ಕೆಟ್ಟ ಸಂಗೀತ, ಎಂಥಾ ಖುಷಿ.

ಸೋದರಮಾವ ಎದ್ದು ನಿಂತು, ‘ನಿಲ್ಸ್ರಲಾ ಇದ್ನ, ಯಾವನ್ಲಾ ಕರ್ಸಿದ್ದು ಇವ್ರನ್ನ’ ಎಂದು ನನ್ನ ಕಿವಿಯ ಹತ್ತಿರ ಗದರಿದರು. ಆಗ ಹಸೆಯ ಕಡೆ ನೋಡಿದೆ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಗ್ಗಿದ್ದಳು, ಭುಜ ಅದುರುತ್ತಿತ್ತು. ಮುಂದೆ ಕೂತಿದ್ದ ಹೆಂಗಸರು, ‘ಪಾಪ, ತವರು ಬುಟ್ ಓಗ್ಬೇಕಲ್ಲ, ಅಳ್ತಾವ್ಳೆ’ ಎಂದು ತಾವೂ ಕಣ್ಣು ಒರೆಸಿಕೊಂಡರು. ನನಗೆ ಗೊತ್ತು, ಅದು ಅಳುವಲ್ಲ. ಅಕ್ಕನಿಗೆ ನಗು ಹತ್ತಿದರೆ ನಿಲ್ಲುವುದಿಲ್ಲ, ಬಿಕ್ಕಳಿಕೆ ಬರುವವರೆಗೆ ನಗುತ್ತಾಳೆ. ಅಷ್ಟರಲ್ಲಿ ವಿಡಿಯೋದವನು ಮದುವಣಗಿತ್ತಿಯ ಕಣ್ಣೀರು ಸಿಕ್ಕಿತೆಂದು ಲೈಟಿನ ಹುಡುಗನಿಗೆ ಸನ್ನೆ ಮಾಡಿ ಮೆಟ್ಟಿಲು ಹತ್ತಿದ. ಆ ಉರಿಯುವ ಬೆಳಕು ಅವಳ ಮುಖಕ್ಕೆ ಬಿದ್ದರೆ ಮುಗಿಯಿತು. ಗಂಡಿನ ಮನೆಯವರೆಲ್ಲರ ಎದುರಿಗೆ, ವಿಡಿಯೋದಲ್ಲೂ ಉಳಿಯುವ ಹಾಗೆ, ಬಾಯಿ ತೆರೆದು ನಗುತ್ತಿರುವ ಹೆಣ್ಣು.

ಗಂಡು ಒಂದು ಹೆಜ್ಜೆ ಇಟ್ಟ. ಇಡೀ ಛತ್ರಕ್ಕೆ ಬೆನ್ನು ತಿರುಗಿಸಿ, ಲೈಟಿಗೂ ಅಕ್ಕನಿಗೂ ನಡುವೆ ನಿಂತ. ಅವಳನ್ನು ಮುಟ್ಟಲಿಲ್ಲ. ತನ್ನ ಹಾರವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಅದನ್ನೇ ಸರಿಮಾಡುವವನ ಹಾಗೆ ನಿಂತ.

‘ಸಾರ್, ಈ ಕಡೆ ತಿರುಗಿ’ ಅಂದ ವಿಡಿಯೋದವನು.

‘ವಸಿ ತಡಿ, ಆರ ಸಿಗಾಕ್ಕಂಡೈತೆ.’

‘ಏನ್ಲಾ ಅದು, ಇತ್ಲಾಗ್ ತಿರುಕ್ಕೊ’ ಎಂದು ಸೋದರಮಾವ ಕೆಳಗಿನಿಂದ ಕೂಗಿದರು. ಅವನು ತಿರುಗಲಿಲ್ಲ. ಒಂದು ಕೈಯನ್ನು ಬೆನ್ನ ಹಿಂದೆ ತಂದು, ತಡೆಯಿರಿ ಎಂದು ಆಡಿಸಿದ. ಸೋದರಮಾವ ಕೂತುಕೊಂಡರು.

ಆಗ ನನಗೆ ಹೊಳೆದದ್ದು ಒಂದೇ, ಹಾಡು ಮುಗಿಯಬಾರದು. ಮುಗಿದರೆ ಅವನು ತಿರುಗಲೇಬೇಕು, ಅಕ್ಕನ ನಗು ಇನ್ನೂ ನಿಂತಿಲ್ಲ. ಡ್ರಮ್ಮಿನವನಿಗೆ ಹೊಡಿ ಹೊಡಿ ಎಂದು ತಲೆಯಾಡಿಸಿದೆ. ಅವನಪ್ಪ ಕೆನ್ನೆ ಊದಿಕೊಂಡು ಇನ್ನೊಂದು ಸುತ್ತು ಹೊರಟರು. ಹಾಡುಗಾರ ಕಣ್ಣು ಮುಚ್ಚಿ ಇನ್ನೂ ಎರಡನೆಯ ಪದವನ್ನೇ ನರಳುತ್ತಿದ್ದ. ಜನ ಒಬ್ಬೊಬ್ಬರೇ ಊಟಕ್ಕೆ ಎದ್ದು ಹೋದರು. ಅಕ್ಕ ಸೆರಗು ತೆಗೆದು ಮುಖ ಒರೆಸಿಕೊಂಡಾಗ ಅವನು ಮೆಲ್ಲಗೆ ತನ್ನ ಜಾಗಕ್ಕೆ ಸರಿದು ನಿಂತ. ಮುಖ ಮತ್ತೆ ರೇಷನ್ ಕಾರ್ಡಿನ ಹಾಗೆಯೇ ಇತ್ತು.

ಎಲ್ಲ ಮುಗಿದ ಮೇಲೆ ಹೆಣ್ಣಿನ ಕೋಣೆಗೆ ಹೋದೆ. ಅಕ್ಕ ಚಾಪೆಯ ಮೇಲೆ ಒಬ್ಬಳೇ ಕೂತಿದ್ದಳು, ಕಣ್ಣಿನ ಕಾಡಿಗೆ ಕೆನ್ನೆಗೆಲ್ಲ ಹರಿದಿತ್ತು. ನಾನು ಬಾಗಿಲು ಹಾಕುವ ಮೊದಲೇ ಕೇಳಿದಳು.

‘ಮುಖ ನೋಡ್ದೇನ್ಲಾ?’

‘ಇಲ್ಲ ಕಣಕ್ಕ. ಬೆನ್ ನೋಡ್ದೆ.’

‘ಒಂದ್ ಕೆಲ್ಸ ಹೇಳುದ್ರೆ ಮಾಡಾಕಾಗಲ್ವಾ ನಿಂಗೆ’ ಎಂದು ರೇಗಿದಳು. ಮರುಕ್ಷಣ ಅವಳ ದನಿ ಇಳಿಯಿತು. ‘ನಾನೇ ಕೆಡ್ಸ್ಕಂಡೆ ಬುಡು. ಅಂಗೆ ನಗ್ಬಾರ್ದಿತ್ತು. ಆ ಲೈಟು ಕೆಟ್ಟೋಯ್ತಲ್ಲ, ಅದೊಂದ್ ಪುಣ್ಯ. ಕಣ್ ಮುಚ್ಕಂಡಿದ್ದೆ, ಬೆಳಕು ಬಂತು ಅಂತ ಜೀವ ಓಯ್ತು ನಂಗೆ. ತಕ್ಷಣ ಕತ್ಲೆ ಆಯ್ತು.’

‘ಲೈಟ್ ಕೆಟ್ಟಿರ್ಲಿಲ್ಲ ಅಕ್ಕ.’

ಅವನು ಎಲ್ಲಿ ನಿಂತ, ಹೇಗೆ ನಿಂತ, ಸೋದರಮಾವನಿಗೆ ಕೈ ಹೇಗೆ ಆಡಿಸಿದ ಎಂದು ಎದ್ದು ನಿಂತು ಮಾಡಿ ತೋರಿಸಿದೆ. ಅಕ್ಕ ಕೇಳಿಸಿಕೊಂಡಳು. ಮುಡಿಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಇಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಅಪ್ಪನಿಗೆ ಏನು ಹೇಳುತ್ತೀಯ ಎಂದು ಕೇಳಿದೆ.

‘ಅಪ್ಪಂಗೇನಿಲ್ಲ’ ಅಂದಳು. ‘ಅವ್ವಂಗೆ ಹೇಳು, ಬೆಳಿಗ್ಗೆ ನನ್ನ ಬೇಗ ಎಬ್ಬಿಸ್ಲಿ. ತಲೆ ಎರ್ಕಬೇಕು.’